ಗಿರಣಿಯಲ್ಲಿ ಹುಟ್ಟಿದ ದೇಶ

ಅಲಬಾಮಾ ರಾಜ್ಯವನ್ನು ಅಮೆರಿಕದ ಒಕ್ಕೂಟದಿಂದ ಬಿಡಿಸುವ ಠರಾವಿಗೆ ಸಹಿ ಹಾಕಿ ಬಂದ ಜಡ್ಜ್ ಹಾರ್‌ಗ್ರೋವ್, ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದರು. ಹತ್ತಿ ಬೆಳೆಯುವ ತಗ್ಗಿನವರೆಲ್ಲ ಟೋಪಿ ಹಾರಿಸಿದರು. ನಾವು ಗುಡ್ಡದವರು, ಮುಸುಕಿನ ಜೋಳ, ಹಂದಿ ನಂಬಿಕೊಂಡವರು. ಉಪ್ಪು ಕೊಳ್ಳಲು ಹೋಗಿ ಭಾಷಣಕ್ಕೆ ಸಿಕ್ಕಿಬಿದ್ದಿದ್ದೆವು.

“ಇಷ್ಟಪಟ್ಟು ಸೇರಿದವರು ಇಷ್ಟ ಬಂದಾಗ ಬಿಡಬಹುದು! ಒಲ್ಲದವರನ್ನ ಕಟ್ಟಿಹಾಕೋದು ದೇವರು ಮೆಚ್ಚೋ ಕೆಲಸವಲ್ಲ!” ಅಂತ ಜಡ್ಜರು ಗುಡುಗಿದರು. ಅವರ ಸಾರೋಟು ಹೊಡೆಯುವ ಐಸಮ್ ಕುದುರೆ ಹಿಡಿದು ನಿಂತಿದ್ದ. ಅವನನ್ನು ಅವರು ಹರಾಜಿನಲ್ಲಿ ಕೊಂಡಿದ್ದರು.

ನಮ್ಮನೆಯವರು, ಗಿರಣಿಯ ಒಬೆಡ್, ಕೈ ಎತ್ತಿದರು. “ಹಾಗಿದ್ರೆ ನಮ್ಮ ಗುಡ್ಡ ಅಲಬಾಮಾನ ಬಿಡಬಹುದಾ, ಸ್ವಾಮಿ?”

“ಕೂತ್ಕೊಳ್ಳಯ್ಯಾ! ಇದು ದೊಡ್ಡವರ ಮಾತು.”

ಅಷ್ಟು ಸಾಕಾಯಿತು. ಬೇಲಿಯ ಜಗಳಕ್ಕೆ ಒಡಹುಟ್ಟಿದ ಅಣ್ಣನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟ ಮನುಷ್ಯ ಇವರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗುಡ್ಡದ ಗಂಡಸರೆಲ್ಲ ನಮ್ಮ ಗಿರಣಿಯಲ್ಲಿ ಸೇರಿ, ಕೈ ಎತ್ತಿ, ಅಲಬಾಮಾವನ್ನು ಬಿಟ್ಟೇಬಿಟ್ಟರು. ಮತ್ತೆ ಒಕ್ಕೂಟ ಸೇರೋಣವೇ ಅಂತ ಕೇಳಿದಾಗ ಮುದುಕ ಜೆಸಪ್ ರೇಗಿದ: “ಒಬ್ಬನ್ನ ಬಿಟ್ಟ ದಿನಾನೇ ಇನ್ನೊಬ್ಬನ ಮನೆಗೆ ಓಡ್ತಾರೇನ್ರೋ? ಮರ್ಯಾದೆ ಬೇಡ್ವಾ?” ಸರಿ, ಅದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡರು.

ಅಷ್ಟರೊಳಗೆ ಸುದ್ದಿ ತಿಳಿದ ಜಡ್ಜರು ಸಾರೋಟಿನಲ್ಲಿ ಬಂದಿಳಿದರು. ಗಿರಣಿಯಲ್ಲಿ ನೆರೆದವರ ಮುಂದೆ ಹಿಟ್ಟಿನ ಮೂಟೆಯ ಮೇಲೆ ಕೂತು ಮಧ್ಯಾಹ್ನವೆಲ್ಲ ಒಬೆಡ್ ಜೊತೆ ವಾದಿಸಿದರು.

“ಒಂದ್ಸಲ ಸೇರಿದ್ಮೇಲೆ ಮುಗೀತು. ತುಂಡಿಗೆ ಇಡೀದನ್ನ ಬಿಟ್ಟುಹೋಗೋ ಹಕ್ಕಿಲ್ಲ!”

“ವಾಷಿಂಗ್ಟನ್‌ನೋರು ನಿಮಗೆ ಹೇಳ್ತಿರೋದೂ ಇದೇ ಅಲ್ವಾ ಸ್ವಾಮಿ?”

“ಅವರು ಹೇಳಿದ್ರೆ ದಬ್ಬಾಳಿಕೆ. ನಾನು ಹೇಳಿದ್ರೆ ಕಾನೂನು!”

ನಾನು ಹಿತ್ತಿಲ ಬಾಗಿಲಲ್ಲಿ ಐಸಮ್‌ಗೆ ಜೋಳದ ರೊಟ್ಟಿ, ಮಜ್ಜಿಗೆ ಕೊಟ್ಟೆ. ಅವನು ಒಳಗಿನ ಮಾತಿಗೆ ಕಿವಿಗೊಟ್ಟು ನಿಧಾನವಾಗಿ ತಿಂದ.

“ಅಮ್ಮಾವ್ರೇ, ಈ ನೆಲ ಈಗ ಯಾರದ್ದು?”

“ಭಾನುವಾರದವರೆಗೆ ಯಾರದ್ದೂ ಅಲ್ಲ.”

“ಹಾಗಾದ್ರೆ ಭಾನುವಾರದೊಳಗೇ ಹೊರಡಬೇಕು,” ಅಂದ. ಅವನ ಹೆಂಡತಿ ಮಹಾಲಾಳನ್ನು ಜಡ್ಜರು ಉತ್ತರದ ಗಡಿಸೀಮೆಗೆ ಮಾರಿದ್ದರು. ನಾನು ಇನ್ನಷ್ಟು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೈಗಿಟ್ಟೆ.

ಸಂಜೆ ಜಡ್ಜರು ಹೊರಗೆ ಬಂದು ನೋಡಿದರೆ ಸಾರೋಟು ಇತ್ತು, ಕುದುರೆಗಳೂ ಇರಲಿಲ್ಲ, ಐಸಮ್ಮೂ ಇರಲಿಲ್ಲ.

“ಹಿಡೀರೋ! ಓಡಿಹೋದ ಆಳನ್ನ ಹಿಡಿದುಕೊಡಬೇಕು ಅಂತ ಕಾನೂನಿದೆ!”

“ಅದು ಒಕ್ಕೂಟದ ಕಾನೂನು, ಸ್ವಾಮಿ. ನೀವೇ ಹರಿದು ಬಂದ್ರಿ,” ಅಂದರು ಒಬೆಡ್. “ಅಲಬಾಮಾದ್ದನ್ನ ನಾವು ಹರಿದಿದ್ದೀವಿ. ನಮ್ಮದನ್ನ ಇನ್ನೂ ಬರೆದಿಲ್ಲ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಜಡ್ಜರು ಇನಾಮಿನ ಮಾತೆತ್ತಿದ ಕೂಡಲೇ ನಗು ನಿಂತಿತು. ನಮ್ಮ ಸ್ವತಂತ್ರ ದೇಶದ ಇಬ್ಬರು ಪ್ರಜೆಗಳು ಬಂದೂಕಿಗೆ ಕೈ ಹಾಕಿದರು. ಒಬೆಡ್ ತಡೆಯಲಿಲ್ಲ. ಅವರಿಗೆ ವಾದ ಗೆದ್ದದ್ದೇ ಸಾಕಾಗಿತ್ತು.

“ಹಳ್ಳ ಹಿಡಿದು ದಕ್ಷಿಣಕ್ಕೆ ಹೋದ. ನಾನೇ ಕಣ್ಣಾರೆ ಕಂಡೆ,” ಅಂದೆ. ಅದುವರೆಗೆ ನಾನು ಬೈಬಲ್ ಇರುವ ಮನೆಯಲ್ಲಿ ಸುಳ್ಳು ಹೇಳಿದವಳಲ್ಲ. ಅವರಿಬ್ಬರೂ ದಕ್ಷಿಣದ ಕೆಸರೆಲ್ಲ ತುಳಿದು ಬರಿಗೈಯಲ್ಲಿ ಬಂದರು. ಜಡ್ಜರು ನಮ್ಮ ಹೇಸರಗತ್ತೆ ಏರಿ, ಕೋಟಿನ ತುಂಬ ಹಿಟ್ಟು ಮೆತ್ತಿಕೊಂಡು ಗುಡ್ಡ ಇಳಿದರು.

ನಮ್ಮ ದೇಶ ಹೆಚ್ಚು ದಿನ ಬಾಳಲಿಲ್ಲ. ಒಕ್ಕೂಟಕ್ಕೂ ಬಿಟ್ಟುಹೋದ ರಾಜ್ಯಗಳಿಗೂ ಯುದ್ಧ ಶುರುವಾಯಿತು. ರಾಜ್ಯಗಳ ಸ್ವಾತಂತ್ರ್ಯಕ್ಕೆ ಹೋರಾಡುವ ಪಡೆ ಬಂದು ಜೋಳ ದೋಚಿ, ಗಂಡಸರನ್ನು ಹಗ್ಗ ಕಟ್ಟಿ ಸೈನ್ಯಕ್ಕೆ ಎಳೆದೊಯ್ದಿತು. ಒಬೆಡ್ ಗವಿಯಲ್ಲಿ ಅಡಗಿ ಉಳಿದರು, ಅಲ್ಲಿನ ಥಂಡಿಗೆ ಮಂಡಿ ಮಾತ್ರ ಹೋಯಿತು.

ಯುದ್ಧ ಮುಗಿದ ಮೇಲೆ ಊರೂರು ತಿರುಗುವ ಪಾದ್ರಿಯೊಬ್ಬರು ಬಂದು, ಉತ್ತರದ ಒಹಾಯೋದಲ್ಲಿ ಐಸಮ್ ಮತ್ತು ಮಹಾಲಾ ಒಂದೇ ಮನೆಯಲ್ಲಿದ್ದಾರೆ ಅಂದರು. ನಾನು ಒಲೆಯ ಮುಂದೆ ಕೂತು ಅತ್ತೆ. ಯಾಕೆ ಅಂತ ಒಬೆಡ್ ಕೇಳಿದರು. ಹೊಗೆ ಅಂದೆ.