ಕಪ್ ಸರ್ ಹತ್ತಿರ ಸೇರಿಸಿದ್ದು

ಮಗಳ ಫುಟ್‌ಬಾಲ್ ಹುಚ್ಚು ಇಳಿಯುವಂಥದ್ದಲ್ಲ ಎಂದು ಖಾತ್ರಿಯಾದ ಮೇಲೆ, ಅವಳನ್ನು ಯಾವ ಕೋಚ್ ಕೈಗೆ ಒಪ್ಪಿಸುವುದೆಂದು ತಾಯಿ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ ಅವಳದು. ಹನ್ನೆರಡು ವರ್ಷದಿಂದ ಅದೇ ಕಿಟಕಿಯಿಲ್ಲದ ಕೋಣೆ. ವಾರ್ಡಿನವರಿಗೆಲ್ಲ ಅವಳು ‘ಎಕ್ಸ್-ರೇ ಅಕ್ಕ’. ಗುರುತಿದ್ದವರನ್ನೆಲ್ಲ ಕೇಳಿದಳು. ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಅಡ್ಡಹೆಸರು: ಕಪ್ ಸರ್.

ಹೋಗಿ ನೋಡಿದಳು. ಅವರ ಆಫೀಸಿನ ಕಪಾಟಿನಲ್ಲಿ ಜಾಗ ಸಾಲದೆ ಕೆಲವು ಕಪ್‌ಗಳು ನೆಲದ ಮೇಲೇ ಕೂತಿದ್ದವು. ಮನುಷ್ಯ ಮೆತ್ತಗೆ ಮಾತಾಡುತ್ತಿದ್ದರು, ಮಕ್ಕಳ ಮೇಲೆ ದನಿ ಏರಿಸುತ್ತಿರಲಿಲ್ಲ. “ನೀವು ಆಸ್ಪತ್ರೆಯಲ್ಲಿರೋದಾ? ಒಳ್ಳೇದಾಯ್ತು ಬಿಡಿ,” ಎಂದಿದ್ದರು. ಅವಳಿಗೆ ಒಳಗೊಳಗೇ ಹಿಗ್ಗು. ಹತ್ತು ವರ್ಷದ ಮಗಳು ನಾಲ್ಕೇ ತಿಂಗಳಲ್ಲಿ ತಂಡಕ್ಕೆ ಆಯ್ಕೆಯಾದಾಗಂತೂ ಅವಳ ಕಾಲು ನೆಲದ ಮೇಲಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಎಕ್ಸ್-ರೇಗೆ ಬಂದರು. ಮಗಳ ತಂಡದ ಗೋಲ್‌ಕೀಪರ್ ಅವಳು; ಚೆಂಡನ್ನು ಒಳಗೆ ಬಿಡುವವಳೇ ಅಲ್ಲವೆಂದು ಮಕ್ಕಳು ಅವಳಿಗೆ ‘ಗೋಡೆ’ ಎಂದು ಹೆಸರಿಟ್ಟಿದ್ದರು.

“ಬಚ್ಚಲಲ್ಲಿ ಜಾರಿ ಬಿದ್ಲಂತೆ. ಮಣಿಕಟ್ಟು ನೋಡಿ, ಹೇಗೆ ಊದಿದೆ,” ಎಂದರು ಅಜ್ಜಿ.

ಎಕ್ಸ್-ರೇ ಅಕ್ಕ ಅಜ್ಜಿಯನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ಹುಡುಗಿಯ ಕೈಯನ್ನು ಮೇಜಿನ ಮೇಲೆ ನೇರ ಮಾಡಿದಳು. ಹುಡುಗಿ ತುಟಿ ಕಚ್ಚಿದಳೇ ಹೊರತು ಉಸಿರೆತ್ತಲಿಲ್ಲ.

“ಯಾವಾಗ ಬಿದ್ದಿದ್ದು ಮರಿ?”

“ನಿನ್ನೆ, ಆಂಟಿ.”

ಪರದೆಯ ಮೇಲೆ ಚಿತ್ರ ಮೂಡಿತು. ಮುರಿದ ಜಾಗದ ಸುತ್ತ ಹೊಸ ಎಲುಬು ಮಸುಕಾಗಿ, ಬೆಳ್ಳಗೆ ಕಟ್ಟಿಕೊಳ್ಳತೊಡಗಿತ್ತು. ಅದರ ಮೇಲೆ ಕೂದಲೆಳೆಯಂಥ ಹೊಸ ಬಿರುಕು. ಷರಾ ಬರೆಯುವುದು ಡಾಕ್ಟರ ಕೆಲಸ, ನಿಜ. ಆದರೆ ಹನ್ನೆರಡು ವರ್ಷ ಎಲುಬು ನೋಡಿದ ಕಣ್ಣಿಗೆ ಅಷ್ಟು ತಿಳಿಯದೆ ಇರುತ್ತದೆಯೇ?

“ಇದು ನಿನ್ನೆಯದಲ್ಲ ಪುಟ್ಟಿ. ಮುರಿದು ಮೂರು ವಾರ ಆದ ಹಾಗಿದೆ.”

ಹುಡುಗಿ ಬಾಗಿಲ ಕಡೆ ನೋಡಿದಳು. “ಅಜ್ಜಿಗೆ ಹೇಳ್ಬೇಡಿ. ಭಾನುವಾರ ಫೈನಲ್ ಇದೆ.”

“ಈ ಕೈಯಲ್ಲಿ ಹೇಗೆ ಆಡ್ತಿದ್ದೆ ನೀನು?”

“ಬ್ಯಾಂಡೇಜ್ ಬಿಗಿಯಾಗಿ ಸುತ್ಕೊಂಡು. ನಿಮ್ಮ ಮಗಳೇ ಸುತ್ತೋದು.”

ಎಕ್ಸ್-ರೇ ಅಕ್ಕ ಸೀಸದ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. ಆಮೇಲೆ ಅಜ್ಜಿಯನ್ನು ಕರೆದುಕೊಂಡು ನೇರ ಡಾಕ್ಟರ ಕೋಣೆಗೆ ಹೋಗಿ ಕೇಳಿದ್ದೆಲ್ಲ ಹೇಳಿದಳು. ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ಕೂತುಬಿಟ್ಟರು.

ಸಂಜೆ ಮನೆಗೆ ಬಂದಾಗ ಮಗಳು ಹೋಮ್‌ವರ್ಕ್ ಬರೆಯುತ್ತಿದ್ದಳು.

“ಗೋಡೆ ಕೈಗೆ ಬ್ಯಾಂಡೇಜ್ ಸುತ್ತೋದು ನೀನಾ?”

“ಹೂಂ. ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದಾರಲ್ಲ, ನಿಂಗೆ ಗೊತ್ತಿರುತ್ತೆ ಅಂತ ಸರ್ ಹೇಳಿದ್ರು.”

“ಅವಳು ಅಳ್ತಿರ್ಲಿಲ್ವಾ?”

“ಸುತ್ತೋವಾಗ ಮಾತ್ರ. ಸದ್ದು ಬರಬಾರ್ದು ಅಂತ ಟವೆಲ್ ಕಚ್ಕೊಳ್ತಿದ್ಲು.”

“ನನಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವೇನೇ ನಿಂಗೆ?”

“ಟೀಮಿನ ಮಾತು ಮನೇಲಿ ಆಡಬಾರ್ದು. ಆಡಿದವರು ಬೆಂಚಿಗೆ.” ಮಗ್ಗಿ ಒಪ್ಪಿಸುವಂತೆ ಹೇಳಿ ಹುಡುಗಿ ಮತ್ತೆ ಪುಸ್ತಕಕ್ಕೆ ಬಗ್ಗಿದಳು.

ತಾಯಿಗೆ ಏನೋ ಹೊಳೆಯಿತು. “ಎಲ್ಲಿ, ಸಾಕ್ಸ್ ತೆಗಿ.”

ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿ, ಬುಡದಲ್ಲಿ ಕೀವು ಕಟ್ಟಿತ್ತು. ಎರಡು ವಾರವಾಯಿತಂತೆ. ದಿನವಿಡೀ ಕಂಡವರ ಎಲುಬು ನೋಡುವವಳು ತನ್ನ ಮಗುವಿನ ಸಾಕ್ಸಿನೊಳಗೆ ಏನಿದೆಯೆಂದು ನೋಡಿರಲಿಲ್ಲ. ಬೋಗುಣಿಯಲ್ಲಿ ಬೆಚ್ಚನೆಯ ನೀರು ತಂದು ಕಾಲು ತೊಳೆದಳು.

ಮರುದಿನ ರಜೆ ಹಾಕಿ ಮೈದಾನಕ್ಕೆ ಹೋದಳು. ಕಪ್ ಸರ್ ಕುರ್ಚಿ ಎಳೆದು ಕೊಟ್ಟರು.

“ನಾನು ಯಾರನ್ನೂ ಬಲವಂತ ಮಾಡಲ್ಲ ಮೇಡಂ. ಆಗುತ್ತಾ ಅಂತ ಕೇಳ್ತೀನಿ. ಆಗುತ್ತೆ ಅಂತಾರೆ.”

“ಆಗಲ್ಲ ಅಂದ್ರೆ?”

“ಹೊರಗೆ ಇಪ್ಪತ್ತು ಮಕ್ಕಳು ಕಾಯ್ತಿದ್ದಾರೆ.” ಆಗಲೂ ಅವರ ದನಿ ಏರಲಿಲ್ಲ.

ಬೇಲಿಯ ಪಕ್ಕ ಅಪ್ಪ ಅಮ್ಮಂದಿರು ಗುಂಪಾಗಿ ನಿಂತಿದ್ದರು. ಇವರಿಗಾದರೂ ವಿಷಯ ತಿಳಿಯಲಿ, ರೊಚ್ಚಿಗೇಳುತ್ತಾರೆ ಎಂದುಕೊಂಡು ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ತಂಡದ ಒಬ್ಬ ಹುಡುಗಿಯ ಅಪ್ಪ, ಬ್ಯಾಂಕ್ ಮ್ಯಾನೇಜರು, ಗಂಟಲು ಸರಿಮಾಡಿಕೊಂಡರು.

“ನೀವು ಹೇಳೋದು ಸರಿನೇ. ಭಾನುವಾರ ಒಂದು ಕಳೀಲಿ, ಆಮೇಲೆ ಕೂತು ಮಾತಾಡೋಣ.” ಒಂದು ಗಳಿಗೆ ತಡೆದು ಕೇಳಿದರು, “ಹಾಗಾದ್ರೆ ಗೋಡೆ ಬರಲ್ವಾ?”

ಕಪ್ ಸರ್ ಹೆಸರು ಮೊದಲು ಹೇಳಿದ್ದ ಗೆಳತಿ ಅವಳ ತೋಳು ಹಿಡಿದು ಆಚೆಗೆ ಕರೆದಳು. “ನಂಗೆ ಗೊತ್ತಿತ್ತು ಕಣೇ. ಹೋದ ವರ್ಷ ನನ್ನ ಮಗಳಿಗೂ ಹೀಗೇ ಆಗಿತ್ತು. ನಿಂಗೂ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ಎಕ್ಸ್-ರೇ ಅಕ್ಕ ಮನೆಯವರೆಗೆ ನಡೆದೇ ಬಂದಳು. ಯಾವ ರಸ್ತೆಯಲ್ಲಿ ಬಂದೆನೆಂದು ಕೇಳಿದರೆ ಹೇಳಲಾರದವಳಾಗಿದ್ದಳು.

ಡಾಕ್ಟರು ವರದಿ ಬರೆದರು. ಅವಳು ಕ್ರೀಡಾ ಇಲಾಖೆಗೆ ದೂರು ಬರೆದಳು. ಅಜ್ಜಿಯೂ ರುಜು ಹಾಕಿದರು. ಭಾನುವಾರದ ಫೈನಲ್‌ನಲ್ಲಿ ಗೋಲಿಗೆ ಬೇರೊಬ್ಬ ಹುಡುಗಿ ನಿಂತಳು, ತಂಡ ಗೆದ್ದಿತು. ವಿಚಾರಣೆ ಶುರುವಾದದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಇನ್ನೂ ಮೂವರು ಪೋಷಕರು ಬಾಯಿ ಬಿಟ್ಟಿದ್ದರು. ಕಪ್ ಸರ್‌ಗೆ ಮಕ್ಕಳ ತಂಡ ನಡೆಸಬಾರದೆಂದು ಆದೇಶವಾಯಿತು. ಮ್ಯಾನೇಜರು ಮಾತ್ರ ಎದುರು ಸಿಕ್ಕರೆ ಈಗಲೂ ಮುಖ ತಿರುಗಿಸುತ್ತಾರೆ.

ಮಗಳು ಹದಿನೈದು ದಿನ ತಾಯಿಯೊಡನೆ ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ, “ಬೇರೆ ಕೋಚ್ ಇಲ್ವಾ?” ಎಂದಳು.

ಈ ಸಲ ತಾಯಿ ಯಾರನ್ನೂ ಕೇಳಲಿಲ್ಲ. ಮೂರು ಮೈದಾನಗಳ ಅಂಚಿನಲ್ಲಿ ತಾನೇ ಕೂತು ನೋಡಿದಳು. ಗೋದಾಮಿನ ಹಿಂದಿನ ಸಣ್ಣ ಮೈದಾನದಲ್ಲಿ ಸ್ಕೂಲ್ ವ್ಯಾನ್ ಓಡಿಸುವ ಹೆಂಗಸೊಬ್ಬಳು ಸಂಜೆ ಮಕ್ಕಳಿಗೆ ಆಟ ಕಲಿಸುತ್ತಿದ್ದಳು. ಒಂದು ಮಗು ಬಿದ್ದು ತಡವಾಗಿ ಎದ್ದದ್ದಕ್ಕೆ ಅವಳು ಇನ್ನೇನು ಗೋಲಾಗಲಿದ್ದಾಗಲೂ ಆಟವನ್ನೇ ನಿಲ್ಲಿಸಿದಳು. ತಾಯಿಗೆ ಅಷ್ಟು ಸಾಕಾಯಿತು.

ಮೊದಲ ದಿನ ಮಗಳು ಬೂಟಿನ ಲೇಸು ಕಟ್ಟದೆ ನಿಂತುಕೊಂಡಳು.

“ನೋವಾಗುತ್ತೆ ಅಂದ್ರೆ ನನ್ನ ಹೊರಗೆ ಹಾಕ್ತೀರಾ?”

“ಕೂರಿಸ್ತೀನಿ,” ಎಂದಳು ವ್ಯಾನಿನವಳು. “ವಾಸಿಯಾದ ಮೇಲೆ ಆಡ್ತೀಯಂತೆ.”

“ನನ್ನ ಜಾಗದಲ್ಲಿ ಬೇರೆಯವರು ಬಂದಿದ್ರೆ?”

“ಬಂದಿದ್ರೆ ಇಬ್ಬರೂ ಆಡಿ.”

ಹುಡುಗಿ ತಲೆಯಾಡಿಸಿ, ಲೇಸು ಕಟ್ಟಿಕೊಂಡು ಆಡಲು ಓಡಿದಳು ಅಷ್ಟೆ; ಅವಳಿನ್ನೂ ಅದನ್ನು ನಂಬಿಲ್ಲವೆಂದು ಓಡುವ ಬೆನ್ನಿನ ಬಿಗುವು ನೋಡಿಯೇ ತಾಯಿಗೆ ತಿಳಿಯಿತು.