ನರೇಂದ್ರನ ಐದು ಸದ್ದು

ಆರ್ಕುಟ್ ಜಾಲತಾಣ ಮುಚ್ಚುತ್ತದೆ ಎಂದು ಗೊತ್ತಾದ ಮೇಲೆ ಬಾಲರಾಜ್ ನಮ್ಮ ಗುಂಪಿನಲ್ಲಿ ಒಂದು ಪ್ರಕಟಣೆ ಹಾಕಿದರು. ಇಷ್ಟು ವರ್ಷ ಗುಂಪು ಬಿಡಿಸಿದ ಸಂಗೀತದ ಒಗಟುಗಳನ್ನೆಲ್ಲ ಅವರು ಹೊಸ ವೆಬ್‌ಸೈಟಿಗೆ ಸಾಗಿಸುತ್ತಾರೆ. ಬಿಡಿಸದೆ ಉಳಿದದ್ದನ್ನು ಬಿಟ್ಟುಬಿಡುತ್ತಾರೆ.

ಉಳಿದದ್ದು ಒಂದೇ. ಅದನ್ನು ಕೊಟ್ಟವನು ನನ್ನ ಗಂಡ ನರೇಂದ್ರ.

ಗುಂಪಿನಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ. ಬಾಲರಾಜ್ ಜಾಲಹಳ್ಳಿಯ ಕ್ವಾರ್ಟರ್ಸಿನವರು, ಗುಂಪನ್ನು ಶುರು ಮಾಡಿದವರು. ರಾಧಾಮಣಿ ಯಶವಂತಪುರದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಮುಜಫ್ಫರ್ ಆರ್.ಟಿ. ನಗರದ ಸ್ಟುಡಿಯೋ ಒಂದರಲ್ಲಿ ಸೌಂಡ್ ಎಂಜಿನಿಯರ್. ವಾರಕ್ಕೊಬ್ಬರು ಒಗಟು ಕೊಡಬೇಕು. ಗೊತ್ತಾದವರು ಉತ್ತರ ಬರೆಯುವಂತಿಲ್ಲ. ಬರೆದರೆ ಉಳಿದವರ ಆಟ ಕೆಟ್ಟಿತು. ತನಗೆ ಗೊತ್ತಾಗಿದೆ ಎಂದು ತೋರಿಸುವ ಇನ್ನೊಂದು ಸುಳಿವನ್ನಷ್ಟೇ ಬರೆಯಬೇಕು. ಒಗಟು ಕೊಟ್ಟವರು ‘ಸರಿ’ ಅಂದರೆ ಸರಿ. ಮುಂದಿನ ಭಾನುವಾರ ಅವರೇ ಉತ್ತರ ಹೇಳುತ್ತಾರೆ.

2011ರ ಒಂದು ಭಾನುವಾರ ನರೇಂದ್ರ ಒಂದು ಧ್ವನಿಮುದ್ರಿಕೆ ಹಾಕಿದ. ಮನೆಯ ಐದು ಸಾಮಾನುಗಳನ್ನು ಚಮಚದಿಂದ ತಟ್ಟಿದ ಸದ್ದು: ಸ್ಟೀಲಿನ ಲೋಟ, ಇಡ್ಲಿ ತಟ್ಟೆ, ಕಿಟಕಿಯ ಸರಳು, ಸೈಕಲ್ ಬೆಲ್ಲು, ಖಾಲಿ ಸಿಲಿಂಡರ್. ಜೊತೆಗೆ ಒಂದೇ ಪ್ರಶ್ನೆ: ‘ಯಾವ ರಾಗ?’ ಎಲ್ಲರೂ ಮೋಹನ ಎಂದು ತಿಳಿದು ಅದಕ್ಕೆ ತಕ್ಕ ಸುಳಿವು ಬರೆದರು. ನರೇಂದ್ರ ‘ಅಲ್ಲ’ ಅಂದ. ಗುರುವಾರ ಸಂಜೆ ಹೆಬ್ಬಾಳದ ಫ್ಲೈಓವರ್ ಇಳಿಯುವಲ್ಲಿ ಅವನ ಬೈಕಿಗೆ ಟೆಂಪೊ ಗುದ್ದಿತು. ಭಾನುವಾರ ಉತ್ತರ ಹೇಳಲು ಅವನಿರಲಿಲ್ಲ.

ಆಮೇಲೆ ನಾನು ಗುಂಪಿಗೆ ಸೇರಿದೆ. ಕಾಲೇಜು ದಿನಗಳವರೆಗೆ ವೀಣೆ ಕಲಿತಿದ್ದರಿಂದ ಅವರ ಮಾತು ಅರ್ಥವಾಗುತ್ತಿತ್ತು. ಓದುತ್ತಿದ್ದೆ, ಬರೆಯುತ್ತಿರಲಿಲ್ಲ. ಲ್ಯಾಬಿಗೆ ಕೆಲಸಕ್ಕೆ ಹೋಗುವುದು, ಬರುವುದು, ಅತ್ತೆಯ ಜೊತೆ ಊಟ ಮಾಡುವುದು, ಇದನ್ನು ಓದುವುದು.

ಬಾಲರಾಜರ ಪ್ರಕಟಣೆಯ ಕೆಳಗೆ ರಾಧಾಮಣಿ ಬರೆದರು: “ನರೇಂದ್ರಂದು ಒಂದಾದ್ರೂ ಹಾಗೇ ಸೇರಿಸಿ ಬಾಲು ಸಾರ್. ಪಾಪ.”

ಮುಜಫ್ಫರ್ ಬಿಡಲಿಲ್ಲ. “ಪಾಪ ಅಂತ ಸೇರ್ಸಿದ್ರೆ ಅವ್ನಿಗೇ ಅವಮಾನ ಮೇಡಂ. ಅದೇ ಐದು ಸ್ವರ ಇಟ್ಕೊಂಡು ಯಾವ್ದನ್ನ ಷಡ್ಜ ಮಾಡ್ಕೋತೀರೋ ಆ ರಾಗ ಬರುತ್ತೆ. ಮೋಹನ ಅಲ್ಲ ಅಂದ. ಆಯ್ತು, ಇನ್ನು ನಾಲ್ಕು ಉಳೀತು. ನಾಲ್ಕು ಉತ್ತರ ಇರೋದು ಒಗಟಲ್ಲ, ಮಿಸ್ಟೇಕು. ನರೇಂದ್ರ ಇದ್ದಿದ್ರೆ ತಾನೇ ಒಪ್ಕೋತಿದ್ದ.”

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಐದೂ ಸದ್ದು ಇದ್ದರೂ ಷಡ್ಜ, ಅಂದರೆ ‘ಸ’, ಯಾವುದೆಂದು ಹೇಳಲು ತಂಬೂರಿಯಂತೆ ಹಿಂದೆ ನುಡಿಯುವ ಶ್ರುತಿ ಅದರಲ್ಲಿರಲಿಲ್ಲ. ಆದರೆ ನರೇಂದ್ರ ಅರೆಬರೆ ಕೆಲಸ ಮಾಡುವವನಲ್ಲ. ಮಿಸ್ಟೇಕು ಎಂಬ ಮಾತು ಅವನ ಹೆಸರಿನ ಪಕ್ಕದಲ್ಲಿ ಉಳಿಯುವುದು ನನಗೆ ಬೇಡವಾಗಿತ್ತು. ಆ ಗುಂಪಿನಲ್ಲಿ ನನ್ನ ಮೊದಲ ಸಾಲು ಬರೆದೆ: “ಭಾನುವಾರದವರೆಗೆ ಸಮಯ ಕೊಡಿ.”

“ಧಾರಾಳವಾಗಿ ತಗೊಳ್ಳಿ,” ಎಂದರು ಬಾಲರಾಜ್.

ನಾವೆಲ್ಲ ಇಷ್ಟು ದಿನ ಕೇಳುತ್ತಿದ್ದದ್ದು ಮುಜಫ್ಫರ್ ಹಾಕಿದ್ದ ಫೈಲನ್ನು. ಯಾರು ಏನೇ ಧ್ವನಿಮುದ್ರಿಕೆ ಹಾಕಲಿ, ಅವರು ಮೊದಲ ದಿನವೇ ಅದರ ಹಿನ್ನೆಲೆಯ ಗದ್ದಲ ತೆಗೆದು, ಸ್ವಚ್ಛ ಮಾಡಿ, ಎಲ್ಲರಿಗೂ ಹಂಚುತ್ತಿದ್ದರು. ಗುಂಪಿಗೆ ಅದು ರೂಢಿಯಾಗಿತ್ತು. ನರೇಂದ್ರ ಕೊಟ್ಟಿದ್ದ ಮೂಲ ಲಿಂಕು ಎಂದೋ ಕೆಟ್ಟುಹೋಗಿತ್ತು.

ಮೂಲ ಫೈಲು ಅವನ ಕಂಪ್ಯೂಟರಿನಲ್ಲಿ ಇರಬೇಕು. ಶನಿವಾರ ಮಧ್ಯಾಹ್ನ ಅದರ ಮೇಲಿನ ಬಟ್ಟೆ ತೆಗೆದೆ. ಆನ್ ಆಯಿತು. ಫೈಲು ಡೆಸ್ಕ್‌ಟಾಪಿನ ಮೇಲೇ ಇತ್ತು. ಸ್ಪೀಕರಿನಲ್ಲಿ ಹಾಕಿದೆ. ಲೋಟ, ತಟ್ಟೆ, ಸರಳು, ಬೆಲ್ಲು, ಸಿಲಿಂಡರ್. ಮತ್ತೆ ಹಾಕಿದೆ. ಸ್ವಲ್ಪ ಜೋರು ಮಾಡಿದೆ.

ಅಡುಗೆಮನೆಯಿಂದ ಅತ್ತೆ ಕೂಗಿದರು. “ಧನೂ, ಮೋಟ್ರು ಆಫ್ ಮಾಡವ್ವ! ಟ್ಯಾಂಕು ತುಂಬೋಗೈತೆ!”

“ನಾನು ಹಾಕಿಲ್ಲ ಅತ್ತೆ.”

“ಮತ್ಯಾರ್ ಆಕ್ದೋರು? ನಾನಂತೂ ಆಕಿಲ್ಲ.” ಅವರು ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ಕೆಳಗಿನ ಸ್ವಿಚ್ಚಿನ ಹತ್ತಿರ ಹೋದರು. ಅಲ್ಲಿಂದಲೇ, “ಆಫೇ ಐತಲ್ಲೇ! ಮತ್ತೆ ಎಲ್ಲಿಂದ ಬತ್ತೈತೆ ಸದ್ದು?” ಅಂದರು.

ನಾನು ಸ್ಪೀಕರ್ ನಿಲ್ಲಿಸಿದೆ. ಸದ್ದು ನಿಂತಿತು. ಮತ್ತೆ ಹಾಕಿದೆ. ಐದು ಸದ್ದುಗಳ ಅಡಿಯಲ್ಲಿ, ಮೊದಲಿಂದ ಕೊನೆಯವರೆಗೂ, ನಮ್ಮ ಸಂಪಿನಿಂದ ಟ್ಯಾಂಕಿಗೆ ನೀರೇರಿಸುವ ಮೋಟರು ಗುಂಯ್ ಎನ್ನುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತು ಸ್ಪೀಕರನ್ನೇ ನೋಡಿದರು. “ಅದ್ರಾಗೆ ನಮ್ ಮೋಟ್ರು ಎಂಗೆ ಸೇರ್ಕಂತು?”

“ಇದು ನರೇಂದ್ರ ಮಾಡಿದ್ದು ಅತ್ತೆ. ಆ ಭಾನುವಾರ.”

ಅವರು ಸ್ಪೀಕರಿನ ಹತ್ತಿರ ಬಂದರು. ಆಮೇಲೆ ಅಂದರು: “ಅವತ್ತೇ ಅಲ್ವಾ ಅವ್ನು ಮೋಟ್ರು ಆಕಿ ಮರ್ತಿದ್ದು? ನೀರು ಚೆಲ್ಲಿ ಪಕ್ಕದ್ಮನೆ ಗೌರಮ್ಮನ್ ಹಪ್ಪಳ ಎಲ್ಲ ನೆನ್ದೋಗಿತ್ತು. ಏನ್ ಬೈಸ್ಕಂಡೆ ನಾನು ಆವಮ್ಮನ್ ಕೈಲಿ!”

“ಮರೆತಿರಲಿಲ್ಲ,” ಅಂದೆ. “ಬೇಕು ಅಂತಲೇ ಹಾಕಿದ್ದ.”

ರೆಕಾರ್ಡಿಂಗ್ ಮಾಡುವಾಗ ನರೇಂದ್ರ ಮನೆಯನ್ನೇ ನಿಲ್ಲಿಸುತ್ತಿದ್ದ. ಫ್ಯಾನ್ ಇಲ್ಲ. ಫ್ರಿಜ್ಜಿನ ಪ್ಲಗ್ ತೆಗೆಯುತ್ತಿದ್ದ. ಅತ್ತೆ ಒಗ್ಗರಣೆ ಹಾಕುವಂತಿರಲಿಲ್ಲ. ಅಂಥವನು ಮೋಟರಿನ ಸದ್ದನ್ನು ಅಪ್ಪಿತಪ್ಪಿ ಒಳಗೆ ಬಿಡುವುದಿಲ್ಲ.

ಮೋಟರಿನ ಸದ್ದಿಗೆ ದನಿ ಸೇರಿಸಿ ಗುನುಗಿದೆ. ಮೂರನೆಯ ಸ್ವರ, ಕಿಟಕಿಯ ಸರಳು, ನೇರವಾಗಿ ಅದರ ಮೇಲೆ ಬಂದು ಕೂತಿತು. ಅದೇ ಷಡ್ಜ. ಅದನ್ನು ಹಿಡಿದುಕೊಂಡು ಉಳಿದ ನಾಲ್ಕನ್ನೂ ಹಾಡಿದೆ. ಹಿಂದೋಳ. ಬೇರೆ ಯಾವುದೂ ಆಗಲು ಸಾಧ್ಯವಿರಲಿಲ್ಲ.

ನನಗೆ ಅಳು ಬರಲಿಲ್ಲ. ಎಷ್ಟು ಜಾಣ ನೀನು ಅನ್ನಿಸಿತು.

ಬಾಲರಾಜರಿಗೆ ಫೋನ್ ಮಾಡಿದೆ. ಗೊತ್ತಾಗಿದೆ ಅಂದೆ.

“ಖುಷಿ ಆಯ್ತು ಮೇಡಂ. ಆದ್ರೆ ಸರಿ ಅಂತ ಹೇಳೋರು ಯಾರು? ಒಗಟು ಕೊಟ್ಟವ್ರೇ ಹೇಳ್ಬೇಕು, ಅದು ನಮ್ಮ ರೂಲು. ನಾನ್ ಹೇಳಕ್ಕಾಗಲ್ಲ, ನೀವೂ ಹೇಳಕ್ಕಾಗಲ್ಲ.”

“ನನ್ನ ಮಾತು ನಂಬಿ ಅಂತ ನಾನು ಕೇಳ್ತಿಲ್ಲ.”

“ಹಾಗಾದ್ರೆ ಒಂದ್ ಕೆಲ್ಸ ಮಾಡಣ. ಉತ್ತರ ನಂಗೂ ಹೇಳ್ಬೇಡಿ. ಸುಳಿವು ಹಾಕಿ. ಗೊತ್ತಾದವ್ರು ನಂಗೆ ಬೇರೆ ಬೇರೆಯಾಗಿ ಮೆಸೇಜ್ ಮಾಡ್ಲಿ. ಎಲ್ರೂ ಒಂದೇ ರಾಗ ಹೇಳಿದ್ರೆ ಒಗಟು ನಿಲ್ಲುತ್ತೆ. ಎರಡು ಬಂದ್ರೂ ಬಿದ್ದೋಯ್ತು.”

“ಸರಿ.”

“ಮುಜಫ್ಫರ್ ಸುಮ್ನೆ ಒಪ್ಪೋ ಆಸಾಮಿ ಅಲ್ಲ, ಗೊತ್ತಲ್ಲ?”

“ಒಪ್ಪಲಿ ಅಂತಲೇ ಹಾಕ್ತಿರೋದು.”

ಭಾನುವಾರ ಬೆಳಿಗ್ಗೆ ಮೂಲ ಫೈಲು ಹಾಕಿದೆ. ಸುಳಿವಿಗೆ ಬಹಳ ಯೋಚಿಸಿದೆ. ಕೊನೆಗೆ ಒಂದೇ ಸಾಲು ಬರೆದೆ: ‘ನಮ್ಮ ಮನೆಯಲ್ಲಿ ತಂಬೂರಿ ಇರುವುದು ಸಂಪಿನ ಪಕ್ಕದಲ್ಲಿ.’

ಆಮೇಲೆ ಬಟ್ಟೆ ಒಗೆದೆ. ತಿಂಡಿ ತಿಂದೆ. ಪರದೆಯ ಮುಂದೆ ಕೂತೆ. ಯಾರೋ ‘ಏನ್ ಗುರು ಇದು, ಪ್ಲಂಬರ್ ಕರೀಬೇಕಾ’ ಎಂದು ಬರೆದಿದ್ದರು. ಇನ್ನೊಬ್ಬರು ‘ತಂಬೂರಿ ನೆಂದೋಗಲ್ವಾ ಮೇಡಂ’ ಎಂದು ಕೇಳಿದ್ದರು. ಒಬ್ಬರು ಬೇರೆ ರಾಗ ಹೇಳಿದರೂ ಮುಗಿಯಿತು.

ಊಟದ ಹೊತ್ತಿಗೆ ರಾಧಾಮಣಿ ಗುಂಪಿನಲ್ಲಿ ಬರೆದರು: “ಅಯ್ಯೋ ದೇವರೇ. ಇಷ್ಟು ದಿನ ನಾವೆಲ್ಲ ಎಲ್ಲಿ ಕಿವಿ ಇಟ್ಕೊಂಡಿದ್ವಿ?” ಆಮೇಲೆ ಒಬ್ಬೊಬ್ಬರಾಗಿ, ‘ಬಾಲು ಸಾರ್‌ಗೆ ಕಳ್ಸಿದೀನಿ’ ಎನ್ನತೊಡಗಿದರು. ಮುಜಫ್ಫರ್ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಸಂಜೆ ಫೋನ್ ಮಾಡಿದರು.

“ಅತ್ತಿಗೆ, ನಾನು ಮುಜಫ್ಫರ್. ಬೈಯೋದಿದ್ರೆ ಈಗ್ಲೇ ಬೈದ್ಬಿಡಿ.”

“ಯಾಕೆ?”

“ತಂಬೂರಿನೇ ಎತ್ತಿ ಆಚೆ ಬಿಸಾಕಿ, ಶ್ರುತಿ ಎಲ್ಲಿ ಶ್ರುತಿ ಎಲ್ಲಿ ಅಂತ ನಾನೇ ಜಗಳ ಆಡಿದೀನಲ್ಲ! ಗುಂಯ್ ಅಂತ ಕೇಳಿದ್ರೆ ಸಾಕು, ಕೈ ತಾನಾಗೇ ಹೋಗಿ ಅಳಿಸ್ಬಿಡುತ್ತೆ. ದಿನಾ ಅದೇ ಕೆಲ್ಸ ನಂದು.”

“ನೀವು ಅಳಿಸ್ತೀರ ಅಂತ ಅವನಿಗೆ ಗೊತ್ತಿತ್ತು,” ಅಂದೆ. “ಅದಕ್ಕೇ ಅಲ್ಲಿಟ್ಟಿದ್ದ.”

ಮುಜಫ್ಫರ್ ಜೋರಾಗಿ ನಕ್ಕರು. “ಕಳ್ ನನ್ಮಗ! ನಂಗೇ ಇಟ್ಟಿದ್ನಾ ಬತ್ತಿ?” ತಕ್ಷಣ ದನಿ ತಗ್ಗಿಸಿದರು. “ಸಾರಿ ಅತ್ತಿಗೆ. ಬಾಯ್ ತಪ್ತು.”

ನರೇಂದ್ರ ಹೋದಾಗಿನಿಂದ ಎಲ್ಲರೂ ಅವನನ್ನು ಪಾಪ ಅನ್ನುತ್ತಿದ್ದರು.

“ಪರವಾಗಿಲ್ಲ,” ಅಂದೆ. “ಇನ್ನೊಂದು ಸಲ ಅನ್ನಿ.”

ಬಾಲರಾಜರ ಹತ್ತಿರ ಬಂದದ್ದೆಲ್ಲ ಒಂದೇ ರಾಗ, ಹಿಂದೋಳ. ರಾತ್ರಿ ಊಟಕ್ಕೆ ಮುಂಚೆ ಅವರು ಅದನ್ನು ಗುಂಪಿನಲ್ಲಿ ಹಾಕಿದರು. ಕೆಳಗೆ ಮುಜಫ್ಫರ್, ‘ಮಿಸ್ಟೇಕು ನನ್ನದು, ಒಗಟಿನದಲ್ಲ’ ಎಂದು ಬರೆದರು. ಬಾಲರಾಜ್ ನನಗೆ ಫೋನ್ ಮಾಡಿದರು.

“ಹೊಸ ಸೈಟಿಗೆ ಹಾಕ್ತಿದೀನಿ ಮೇಡಂ. ಕೊಟ್ಟವರು ನರೇಂದ್ರ, ಅಲ್ಲಾಳಸಂದ್ರ. ಬಿಡಿಸಿದವರು ಅನ್ನೋ ಕಡೆ ಏನಂತ ಹಾಕ್ಲಿ? ಶ್ರೀಮತಿ ನರೇಂದ್ರ?”

“ಧನುಶ್ರೀ. ಅದರ ಮುಂದೆ ಮುನಿಶಾಮಮ್ಮ ಅಂತ ಸೇರಿಸಿ.”

“ಅವ್ರು ಯಾರು?”

“ನಮ್ಮತ್ತೆ. ಮೋಟರ್ ಸದ್ದು ಮೊದಲು ಕೇಳಿದ್ದು ಅವರಿಗೆ.”

“ಅವ್ರು ಗುಂಪಲ್ಲಿ ಇಲ್ವಲ್ಲ?”

“ಈಗ ಸೇರಿಸ್ಕೊಳ್ಳಿ.”

ಬಾಲರಾಜ್ ನಕ್ಕು ಆಗಲಿ ಅಂದರು. ಪುಟ ತೆರೆದುಕೊಂಡಾಗ ಅತ್ತೆಯನ್ನು ಕರೆದು ತೋರಿಸಿದೆ. ಅವರಿಗೆ ಓದಲು ಬರುತ್ತದೆ, ನಿಧಾನ. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. “ನನ್ನೆಸ್ರು ಯಾಕವ್ವ ಆಕ್ಸಕ್ಕೋದೆ? ಮೋಟ್ರು ಆಫ್ ಮಾಡು ಅಂದೆ, ಅಷ್ಟೇ,” ಎಂದು ಗೊಣಗಿ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಅವರು ಫೋನಿನಲ್ಲಿ ತಮ್ಮ ಸೊಣ್ಣಪ್ಪನಿಗೆ ಹೇಳುತ್ತಿದ್ದದ್ದು ಕೇಳಿಸಿತು. “ಊಂ ಕಣೋ, ಇಂಟರ್ನೆಟ್ನಾಗೆ. ನಾವು ಮೂರೂ ಜನ ಇದೀವಿ. ನಿನ್ ಮಗುಂಗೇಳು, ತೆಗ್ದು ತೋರುಸ್ತಾನೆ.”