ಅಪ್ಪನ ಎಡೆ

ಹಿರಿಯರಿಗೆ ಎಡೆ ಇಡುವ ಮೇಜಿನ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ ಒಕ್‌ಬುನ್ ಹೆಬ್ಬೆರಳಿನಿಂದ ಮತ್ತೆ ಮತ್ತೆ ಒತ್ತಿದಳು.

"ಇದೇನತ್ತಿಗೆ, ಎಡೆ ಮೇಜಿಗೆ ಟೇಪು?" ತೇಗು ಪಟ್ಟಣದಿಂದ ಬಂದಿದ್ದ ಮೈದುನ ಮಾನ್ಸು ಕೇಳಿದ.

"ನಿಮ್ಮಣ್ಣನ ಕಣ್ಣು ಸರಿಯಾಗೇ ಇದೆ ಕಣಪ್ಪ. ಎಡಗಡೆ ಅಂತ ಒಂದು ಇದೆ ಅನ್ನೋದನ್ನೇ ಮಿದುಳು ಮರೆತಿದೆ. ಕೆಂಪು ಸಿಗೋವರೆಗೂ ಕತ್ತು ತಿರುಗಿಸ್ಬೇಕು ಅಂತ ಆಸ್ಪತ್ರೇಲಿ ಕಲಿಸಿದಾರೆ. ಊಟದ ತಟ್ಟೆಗೂ ಅಂಟಿಸ್ತೀನಿ."

ಗಂಡ ದಾಲ್ಸುವಿಗೆ ಪಾರ್ಶ್ವವಾಯು ಬಡಿದು ಏಳು ತಿಂಗಳಾಗಿತ್ತು. ಕೋಲು ಹಿಡಿದು ನಡೆಯುತ್ತಿದ್ದ, ಮಾತೂ ನೆಟ್ಟಗಿತ್ತು. ಆದರೆ ಗಡ್ಡ ಬೋಳಿಸಿದರೆ ಅರ್ಧ ಮುಖ, ಉಂಡರೆ ಬಟ್ಟಲಿನ ಬಲ ಅರ್ಧ. "ಜಿಪುಣಿ, ಗಂಡನಿಗೆ ಹೊಟ್ಟೆ ತುಂಬ ಹಾಕೋಕೂ ಕೈ ಬರಲ್ವಾ?" ಎಂದು ರೇಗುತ್ತಿದ್ದ. ಅವಳು ಸದ್ದಿಲ್ಲದೆ ಬಟ್ಟಲನ್ನು ತಿರುಗಿಸಿದರೆ, "ಹಾಂ, ಈಗ ದಾರಿಗೆ ಬಂದೆ" ಎಂದು ಉಣ್ಣುತ್ತಿದ್ದ. ತನ್ನಲ್ಲೇನೋ ಕೊರತೆಯಿದೆ ಎಂಬುದು ಅವನಿಗೆ ಒಂದು ದಿನವೂ ಹೊಳೆಯಲಿಲ್ಲ.

ಇವತ್ತು ಮಾವನ ತಿಥಿ. ದಾಲ್ಸು ತಾನೇ ಸರಿಯಾಗಿ ಎಡೆ ಇಟ್ಟರೆ ತಿಥಿ ಈ ಮನೆಯಲ್ಲೇ ಉಳಿಯಲಿ, ಇಲ್ಲವಾದರೆ ಮಾನ್ಸುವಿನ ಮನೆಗೆ ಹೋಗಲಿ ಎಂದು ದಾಯಾದಿಗಳು ತೀರ್ಮಾನಿಸಿದ್ದರು. ಮೂವತ್ತೆರಡು ವರ್ಷ ತಿಥಿಯಡುಗೆಗೆ ಎಣ್ಣೆ ಬಾಣಲೆಯ ಮುಂದೆ ಕುಳಿತು, ಈ ಪೀಡೆ ಎಂದು ತೊಲಗುತ್ತದೋ ಎಂದು ಶಪಿಸಿದ ಹಿರಿಸೊಸೆ ಒಕ್‌ಬುನ್, ಈಗ ಅದು ಉಳಿಯಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದಳು. ಅವನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಇದೊಂದೇ. ಖಾಲಿ ಬಟ್ಟಲುಗಳನ್ನು ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ. ಇದೂ ಹೋದರೆ ಹಿರಿಮಗ ಅನ್ನಿಸಿಕೊಳ್ಳಲು ಅವನ ಹತ್ತಿರ ಇನ್ನೇನು ಉಳಿಯುತ್ತದೆ?

ಸಂಜೆ ದೀಪ ಹಚ್ಚುವ ಹೊತ್ತಿಗೆ ದಾಲ್ಸು ಬಿಳಿ ನಿಲುವಂಗಿ ತೊಟ್ಟು ಬಂದು ಮೇಜಿನ ಮುಂದೆ ಕುಳಿತ. ಆಸ್ಪತ್ರೆಯವರು ಹೇಳಿಕೊಟ್ಟಂತೆ ಒಕ್‌ಬುನ್ ಅವನ ಎಡಕ್ಕೇ ಕುಳಿತಳು. ಮೇಜಿನಾಚೆ ಎರಡು ಪಟ, ಎಡಕ್ಕೆ ಮಾವನದು, ಬಲಕ್ಕೆ ಅತ್ತೆಯದು. ದಾಲ್ಸು ಕತ್ತು ತಿರುಗಿಸಿದ. ಇನ್ನೂ ತಿರುಗಿಸಿದ. ಹಣೆಯಲ್ಲಿ ಬೆವರೊಡೆಯಿತು. ಕಣ್ಣು ಟೇಪಿನ ಮೇಲೆ ನಿಂತಿತು.

ಸಿಕ್ಕಿತು! ಅವಳ ಜೀವ ಹೂವಾಯಿತು.

"ಯಾವ ಮಂಕುದಿಣ್ಣೆ ಇಲ್ಲಿ ಕೆಂಪು ಅಂಟಿಸಿದ್ದು?" ದಾಲ್ಸು ಗುಡುಗಿದ. "ಕೆಂಪು ಪೂರ್ವಕ್ಕೆ, ಬಿಳಿ ಪಶ್ಚಿಮಕ್ಕೆ! ಈ ಮನೆಗೆ ಬಂದು ಇಷ್ಟು ವರ್ಷ ಆದ್ರೂ ಗೊತ್ತಾಗ್ಲಿಲ್ವೇನೇ? ಅಪ್ಪನ ಪಕ್ಕ ಕೆಂಪು ಇಡ್ತಾರಾ ಯಾರಾದ್ರೂ?"

ಒಂದೇ ಎಳೆತಕ್ಕೆ ಟೇಪನ್ನು ಕಿತ್ತ. ಅದು ಅವನ ಎಡತೋಳಿಗೇ ಅಂಟಿಕೊಂಡಿತು.

ಎಡೆ ಮೇಜಿಗೆ ಬಲವೇ ಪೂರ್ವ ಎಂಬುದು ಒಕ್‌ಬುನ್‌ಗೆ ಈಗ ನೆನಪಾಯಿತು. ಕೆಂಪು ಸೇಬು, ಬೋರೆಹಣ್ಣು ಬಲಕ್ಕೆ, ಬಿಳಿ ಪೇರ್ ಹಣ್ಣು ಎಡಕ್ಕೆ. ಮದುವೆಯಾದ ವರ್ಷವೇ ಅತ್ತೆಯಿಂದ ಬೈಸಿಕೊಂಡು ಕಲಿತದ್ದು. ಗಂಡನಿಗೆ ದಾರಿ ತೋರಿಸುವ ಭರದಲ್ಲಿ ಅದನ್ನೇ ಮರೆತಿದ್ದಳು.

ಮಾನ್ಸು ನಕ್ಕ. "ಅಣ್ಣ ಹಳೇ ಅಣ್ಣನೇ ಬಿಡಿ ಅತ್ತಿಗೆ. ನಾನು ಸುಮ್ನೆ ಹೆದರಿದ್ದೆ."

ದಾಲ್ಸು ಎಡೆ ಇಡತೊಡಗಿದ. ಮೀನು ಬಲಕ್ಕೆ, ಸರಿ. ಸೇಬು ಬಲಕ್ಕೆ, ಅದೂ ಸರಿ. ಪೇರ್ ಹಣ್ಣು ಸೇಬಿನ ಮಗ್ಗುಲಿಗೇ ಬಂತು. ಎಡಕ್ಕಿಡಬೇಕಾದ ಮಾಂಸದ ತಟ್ಟೆ ಮೀನಿನ ತಟ್ಟೆಯ ಮೇಲೆ ಹತ್ತಿ ಕುಳಿತಿತು. ಅನ್ನದ ಮೊದಲ ಬಟ್ಟಲನ್ನು ಅತ್ತೆಯ ಪಟದ ಮುಂದಿಟ್ಟ. ಎರಡನೆಯದನ್ನು ಅಷ್ಟೇ ಭಕ್ತಿಯಿಂದ ಎತ್ತಿ, ಅತ್ತೆಯ ಮುಂದೆಯೇ, ಮೊದಲನೆಯದಕ್ಕೆ ತಾಗಿಸಿ ಇಟ್ಟು, ಹಿರಿಯರು ಉಣ್ಣಲೆಂದು ಅನ್ನಕ್ಕೆ ಚಮಚ ಚುಚ್ಚಿದ. ಮಾವನ ಮುಂದೆ ಬರೀ ಮರದ ಹಲಗೆ ಹೊಳೆಯುತ್ತಿತ್ತು.

"ನೋಡೋ ಮಾನ್ಸು. ಒಂದಾದ್ರೂ ತಪ್ಪಿದ್ಯಾ?"

ಮಾನ್ಸುವಿನ ನಗು ಆರಿಹೋಗಿತ್ತು. "ಇಲ್ಲಣ್ಣ" ಎಂದ.

ಒಕ್‌ಬುನ್‌ಳ ಕೈ ತಾನಾಗಿ ಮುಂದೆ ಹೋಯಿತು. ಬಟ್ಟಲನ್ನು ಒಂದು ಗೇಣು ಎಡಕ್ಕೆ ಸರಿಸಿದರೆ ಸಾಕಿತ್ತು. ಮಾನ್ಸು ಅವಳನ್ನು ನೋಡಿ ಬೇಡವೆಂದು ಮೆಲ್ಲಗೆ ತಲೆಯಾಡಿಸಿದ. ಅವಳು ಕೈ ಹಿಂದೆಗೆದಳು.

ಅಡ್ಡಬಿದ್ದದ್ದಾಯಿತು. ಹಿರಿಯರು ಉಣ್ಣುವ ಹೊತ್ತಿಗೆ ಕೋಣೆಯಲ್ಲಿ ಯಾರೂ ಇರುವಂತಿಲ್ಲ. ಬಾಗಿಲೆಳೆದುಕೊಂಡು ಮೂವರೂ ಹೊರಗೆ ಜಗಲಿಯಲ್ಲಿ ಕುಳಿತರು. ಒಂಬತ್ತು ತುತ್ತು ಉಣ್ಣುವಷ್ಟು ಹೊತ್ತು ಕಾದು, ಹಿರಿಮಗ ಮೂರು ಸಲ ಕೆಮ್ಮಿದ ಮೇಲೆ ಒಳಗೆ ಹೋಗಬೇಕು.

ಅಣ್ಣನ ಎಡಗಡೆ ಕುಳಿತಿದ್ದ ಅತ್ತಿಗೆಯ ಕಡೆ ಬಾಗಿ ಮಾನ್ಸು ಪಿಸುಗುಟ್ಟಿದ. "ಮುಂದಿನ ವರ್ಷದಿಂದ ನಾನೇ ಮಾಡ್ತೀನಿ ಅತ್ತಿಗೆ. ಪಟಗಳನ್ನ ನಾಳೆ ತಗೊಂಡು ಹೋಗ್ತೀನಿ. ಕ್ಷಮಿಸಿ." ಒಕ್‌ಬುನ್ ಆಗಲೆಂದು ತಲೆಯಾಡಿಸಿದಳು. ಅತ್ತರೆ ಗಂಡನಿಗೆ ಕೇಳೀತೆಂದು ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡಳು. ಆ ಕಡೆ ಏನು ನಡೆದರೂ ಅವನನ್ನು ಮುಟ್ಟುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು, ಆದರೂ.

ಒಂಬತ್ತು ತುತ್ತಿನ ಹೊತ್ತು ಕಳೆಯಿತು. ಇನ್ನೊಂದು ಒಂಬತ್ತೂ ಕಳೆಯಿತು.

"ಕೆಮ್ಮಿ ಅಣ್ಣ, ಹೊತ್ತಾಯ್ತು" ಎಂದ ಮಾನ್ಸು, ಎದ್ದು ಅಣ್ಣನ ಬಲಕ್ಕೆ ಬಂದು.

"ಇರೋ, ಏನವಸರ ನಿಂಗೆ?" ದಾಲ್ಸು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. "ಅಪ್ಪನಿಗೆ ಹಲ್ಲಿರಲಿಲ್ಲ, ಮರೆತ್ಯಾ? ನಿಧಾನಕ್ಕೆ ಉಣ್ತಾರೆ. ಹೊಟ್ಟೆ ತುಂಬ ಉಣ್ಲಿ."

ಒಕ್‌ಬುನ್ ಗಂಡನ ಎಡಗೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು, ತೋಳಿಗೆ ಅಂಟಿದ್ದ ಕೆಂಪು ಟೇಪನ್ನು ಮೆಲ್ಲಗೆ ಬಿಡಿಸತೊಡಗಿದಳು.